ಎಸೆಸೆಲ್ಸಿ ಮುಗಿಯಿತು, ಎಲೆಕ್ಟ್ರಾನಿಕ್ಸ್ ಓದಿಸೋಣವೇ?



ಎಸೆಸೆಲ್ಸಿ ಫಲಿತಾಂಶ ಬಂದ ನಂತರದ ಹದಿನೈದು ದಿನಗಳಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆ ಬಹಳ ಚಿಕ್ಕದು. ಮಗನಾದರೆ, "ಪಿಯುಸಿಗೆ ಸೇರಲಿ, ಇಲ್ಲದಿದ್ದರೆ ಮಾಮೂನ ಮೊಬೈಲ್ ಅಂಗಡಿಯಲ್ಲಿ ಕೆಲಸ ಕಲಿಯಲಿ" ಎನ್ನುತ್ತೇವೆ. ಮಗಳಾದರೆ, "ಹತ್ತಿರದ ಕಾಲೇಜಿನಲ್ಲಿ ಯಾವ ಸೀಟು ಸಿಕ್ಕಿದರೂ ಸರಿ" ಎಂದು ಮುಗಿಸುತ್ತೇವೆ. ಮಕ್ಕಳ ಮುಂದಿನ ಮೂವತ್ತು ನಲವತ್ತು ವರ್ಷಗಳ ದುಡಿಮೆ ಹೇಗಿರಬೇಕೆಂಬುದು ಆ ಹದಿನೈದು ದಿನಗಳಲ್ಲಿ, ಹೆಚ್ಚಿನ ವಿಚಾರವಿಲ್ಲದೆಯೇ ತೀರ್ಮಾನವಾಗಿಬಿಡುತ್ತದೆ.

ಈ ಎರಡು ದಾರಿಗಳಲ್ಲದೆ ಇನ್ನೊಂದು ದಾರಿಯೂ ಇದೆ. ಅದು ಎಲೆಕ್ಟ್ರಾನಿಕ್ಸ್ ತಾಂತ್ರಿಕ ಶಿಕ್ಷಣ. ಅದರ ಹೆಸರು ನಮಗೆ ಗೊತ್ತಿಲ್ಲವೆಂದಲ್ಲ. ಆದರೆ "ಅದು ಬೆಂಗಳೂರಿನವರಿಗೆ, ದುಡ್ಡಿದ್ದವರಿಗೆ, ತೊಂಬತ್ತು ಶೇಕಡಾ ಬಂದವರಿಗೆ" ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡದ ತಾಯಂದಿರು ಈ ಭಾವನೆಯನ್ನು ಒಮ್ಮೆ ಪರೀಕ್ಷಿಸಿ ನೋಡಬೇಕಾದ ಕಾಲ ಬಂದಿದೆ.

ಪಾವಗಡದ ಪಾಠ

ನಮ್ಮ ನೆರೆಯ ಪಾವಗಡವನ್ನೇ ನೋಡಿ. ಮಳೆ ಕೈಕೊಟ್ಟು, ಬೋರ್‌ವೆಲ್ ಬತ್ತಿ, ಜನ ಗುಳೆ ಹೋಗುತ್ತಿದ್ದ ತಾಲೂಕು ಅದು. ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕ್ ಎದ್ದು ನಿಂತಿತು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಅದರ ಸಾಮರ್ಥ್ಯ ಇಂದು 2,050 ಮೆಗಾವ್ಯಾಟ್. ರೈತರು ಭೂಮಿಯನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಆರಂಭವಾಯಿತು.

ಭೂಮಿ ಇದ್ದವರಿಗೆ ಬಾಡಿಗೆ ಬಂತು. ಆದರೆ ಭೂಮಿ ಇಲ್ಲದೆ ಕೂಲಿಯನ್ನೇ ನಂಬಿದ್ದವರ ಕಥೆ ಬೇರೆ. ಅವರಿಗೆ ಪಾರ್ಕಿನಲ್ಲಿ ಸಿಕ್ಕಿದ್ದು ಹೆಚ್ಚಾಗಿ ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಎಂಬುದನ್ನು ಪತ್ರಿಕೆಗಳು ಹಲವು ಬಾರಿ ವರದಿ ಮಾಡಿವೆ. ಯಾವ ದುಡಿಮೆಯೂ ಕೀಳಲ್ಲ. ಹಲಾಲಾದ ಬೆವರಿಗೆ ಅದರದೇ ಗೌರವವಿದೆ. ಆದರೆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು. ಅದೇ ಪಾರ್ಕಿನಲ್ಲಿ ಇನ್ನೊಂದು ಕೆಲಸವೂ ಇದೆ. ಫಲಕಗಳಿಂದ ಬರುವ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯುವಂಥದ್ದು. ಅದನ್ನು ಮನೆಮನೆಗೆ ಹೋಗುವ ವಿದ್ಯುತ್ತಾಗಿ ಬದಲಿಸುವ ಇನ್ವರ್ಟರ್ ಎಂಬ ಯಂತ್ರವಿದೆ. ಆ ಯಂತ್ರ ನಿಂತರೆ ಪತ್ತೆ ಹಚ್ಚುವವರು, ಮೀಟರ್ ಹಿಡಿದು ಅಳೆಯುವವರು, ನಿಯಂತ್ರಣ ಕೊಠಡಿಯಲ್ಲಿ ಕುಳಿತು ಪರದೆಯ ಮೇಲಿನ ಅಂಕೆಗಳನ್ನು ಓದುವವರು ಯಾರು? ಅದಕ್ಕೆ ಐಟಿಐ, ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಓದಿದವರು ಬೇಕು. ಅಂಥವರು ಊರಿನಲ್ಲಿ ಸಾಕಷ್ಟು ಇಲ್ಲದಿದ್ದರೆ ಹೊರಗಿನಿಂದ ಬರುತ್ತಾರೆ.

ಬಿಸಿಲು ನಮ್ಮದು, ನೆಲ ನಮ್ಮದು. ಮೀಟರ್ ಹಿಡಿಯುವ ಕೈ ಮಾತ್ರ ಬೇರೆಯವರದು. ಈ ಅಂತರವನ್ನು ಮುಚ್ಚುವುದು ಮೂರು ವರ್ಷದ ಓದಿನಿಂದ ಸಾಧ್ಯ. ಈ ತಿಂಗಳ ಲೇಖನದ ಮುಖ್ಯ ಮಾತು ಇದೇ.

ಎಲೆಕ್ಟ್ರಾನಿಕ್ಸ್ ಎಂದರೇನು?

"ಎಲೆಕ್ಟ್ರಿಕಲ್ಲೂ ಎಲೆಕ್ಟ್ರಾನಿಕ್ಸೂ ಒಂದೇ ಅಲ್ಲವೇ?" ಎಂದು ಅನೇಕರು ಕೇಳುತ್ತಾರೆ. ಅಡುಗೆ ಮನೆಯಿಂದಲೇ ಉತ್ತರ ಹೇಳಬಹುದು. ಮಿಕ್ಸಿಯ ಮೋಟಾರನ್ನು ತಿರುಗಿಸುವುದು ಎಲೆಕ್ಟ್ರಿಕಲ್. ಇಂಡಕ್ಷನ್ ಒಲೆಯ ಮೇಲಿಂದ ಪಾತ್ರೆ ಎತ್ತಿದ ಕೂಡಲೇ ಒಲೆ ತಾನಾಗಿ ನಿಲ್ಲುತ್ತದಲ್ಲ, ಆ ತೀರ್ಮಾನ ಮಾಡಿದ್ದು ಎಲೆಕ್ಟ್ರಾನಿಕ್ಸ್. ವಿದ್ಯುತ್ತನ್ನು ತಂದು ಕೆಲಸ ಮಾಡಿಸುವುದು ಮೊದಲನೆಯದು. ಆ ಕೆಲಸ ಯಾವಾಗ, ಎಷ್ಟು, ಹೇಗೆ ನಡೆಯಬೇಕೆಂದು ಸಣ್ಣ ಪ್ರಮಾಣದ ವಿದ್ಯುತ್ತಿನಿಂದಲೇ ನಿಯಂತ್ರಿಸುವುದು ಎರಡನೆಯದು.

ಹಿಂದೆ ಮನೆಯ ಗೋಡೆಯ ಮೇಲಿದ್ದ ಕರೆಂಟ್ ಮೀಟರಿನಲ್ಲಿ ಒಂದು ಚಕ್ರ ತಿರುಗುತ್ತಿತ್ತು. ಈಗ ಅದರ ಜಾಗದಲ್ಲಿ ಅಂಕೆ ತೋರಿಸುವ ಮೀಟರ್ ಬಂದಿದೆ. ಎಲ್‌ಇಡಿ ಬಲ್ಬು ಕೆಟ್ಟಾಗ ಎಸೆದುಬಿಡುತ್ತೇವೆ. ಆದರೆ ಎಷ್ಟೋ ಬಾರಿ ಕೆಟ್ಟಿರುವುದು ಬೆಳಕು ಕೊಡುವ ಭಾಗವಲ್ಲ, ಅದಕ್ಕೆ ಹದವಾಗಿ ವಿದ್ಯುತ್ತು ಒದಗಿಸುವ ಒಳಗಿನ ಸಣ್ಣ ಹಲಗೆ. ಚುನಾವಣೆಯಲ್ಲಿ ನಾವು ಗುಂಡಿ ಒತ್ತುವ ಮತಯಂತ್ರವನ್ನು ತಯಾರಿಸುವುದು ದೇಶದಲ್ಲಿ ಎರಡೇ ಸಂಸ್ಥೆಗಳು. ಒಂದು ಬೆಂಗಳೂರಿನ ಬಿಇಎಲ್, ಇನ್ನೊಂದು ಹೈದರಾಬಾದಿನ ಇಸಿಐಎಲ್.

ನಮ್ಮ ಹಿರಿಯರು ರೇಡಿಯೋವನ್ನೇ "ಟ್ರಾನ್ಸಿಸ್ಟರ್" ಎಂದು ಕರೆಯುತ್ತಿದ್ದರು. ಅದು ವಾಸ್ತವದಲ್ಲಿ ರೇಡಿಯೋದ ಒಳಗಿದ್ದ ಪುಟ್ಟ ಬಿಡಿಭಾಗದ ಹೆಸರು. 1947ರ ದಶಂಬರದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಅದು ಮೊದಲ ಬಾರಿಗೆ ಕೆಲಸ ಮಾಡಿತು. ಅಂದು ಬೆರಳಿನಿಂದ ಹಿಡಿಯಬಹುದಾಗಿದ್ದ ಆ ಭಾಗ ಇಂದು ಕಣ್ಣಿಗೆ ಕಾಣದಷ್ಟು ಸಣ್ಣದಾಗಿದೆ. ದುಬಾರಿ ಮೊಬೈಲೊಂದರ ಉಗುರಿನಷ್ಟು ಚಿಪ್‌ನಲ್ಲಿ ಅಂತಹ ಟ್ರಾನ್ಸಿಸ್ಟರ್‌ಗಳು ಸಾವಿರ ಕೋಟಿಗೂ ಮಿಕ್ಕಿ ಇರುತ್ತವೆ. ಗಾತ್ರ ಬದಲಾಯಿತು, ತತ್ವ ಬದಲಾಗಲಿಲ್ಲ.

ಏಣಿಯ ಮೂರು ಮೆಟ್ಟಿಲು

ಈ ಓದಿಗೆ ಮೂರು ಮೆಟ್ಟಿಲುಗಳಿವೆ. ಅವುಗಳ ಹೆಸರನ್ನು ಸರಿಯಾಗಿ ತಿಳಿದುಕೊಳ್ಳುವುದು ಬಹಳ ಮುಖ್ಯ. ಹೆಸರು ತಪ್ಪಿದರೆ ಹಣವೂ ವರ್ಷವೂ ಎರಡೂ ಹೋಗುತ್ತವೆ.

ಮೊದಲನೆಯದು ಐಟಿಐ. ಇದರಲ್ಲಿ "ಎಲೆಕ್ಟ್ರಾನಿಕ್ ಮೆಕ್ಯಾನಿಕ್" ಎಂಬ ಎರಡು ವರ್ಷದ ವೃತ್ತಿ ತರಬೇತಿ ಇದೆ. ಎಸೆಸೆಲ್ಸಿ ಪಾಸಾದವರು ಸೇರಬಹುದು. ಬೆಸುಗೆ ಹಾಕುವುದು, ಮಲ್ಟಿಮೀಟರ್ ಬಳಸುವುದು, ಕೆಟ್ಟ ಭಾಗ ಹುಡುಕಿ ಬದಲಿಸುವುದು ಇವೆಲ್ಲ ಕೈಯಿಂದಲೇ ಕಲಿಯುವ ವಿದ್ಯೆ.

ಎರಡನೆಯದು ಪಾಲಿಟೆಕ್ನಿಕ್‌ನ ಡಿಪ್ಲೊಮಾ. "ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಶನ್" ವಿಭಾಗ, ಮೂರು ವರ್ಷ, ಆರು ಸೆಮಿಸ್ಟರ್. ಇದಕ್ಕೂ ಎಸೆಸೆಲ್ಸಿ ಸಾಕು. ಇಲ್ಲಿ ಕೈಕೆಲಸದ ಜೊತೆಗೆ ಅದರ ಹಿಂದಿನ ಲೆಕ್ಕ ಮತ್ತು ಕಾರಣವನ್ನೂ ಕಲಿಸುತ್ತಾರೆ. ಡಯೋಡ್, ಟ್ರಾನ್ಸಿಸ್ಟರ್‌ನಿಂದ ಆರಂಭಿಸಿ ಸಂಪರ್ಕ ವ್ಯವಸ್ಥೆ, ಯಂತ್ರಕ್ಕೆ ಆದೇಶ ಕೊಡುವ ಮೈಕ್ರೋಕಂಟ್ರೋಲರ್, ಅದಕ್ಕೆ ಬೇಕಾದ ಕಂಪ್ಯೂಟರ್ ಭಾಷೆಯವರೆಗೆ ಪಾಠಗಳಿರುತ್ತವೆ.

ಮೂರನೆಯದು ಬಿ.ಇ. ಪದವಿ. ವಿಜ್ಞಾನ ವಿಭಾಗದಲ್ಲಿ ಪಿಯುಸಿ ಮುಗಿಸಿ, ಸಿಇಟಿ ಬರೆದು ಸೇರಿದರೆ ನಾಲ್ಕು ವರ್ಷ. ತುಮಕೂರಿನಲ್ಲೇ 1963ರಲ್ಲಿ ಸ್ಥಾಪನೆಯಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವಿದೆ. ಕ್ಯಾತ್ಸಂದ್ರದಲ್ಲಿ ಎಚ್‌ಎಂಎಸ್ ತಾಂತ್ರಿಕ ಮಹಾವಿದ್ಯಾಲಯವಿದೆ. ಹೊಸದನ್ನು ರೂಪಿಸುವ, ಚಿಪ್ ವಿನ್ಯಾಸ ಮಾಡುವ ಕೆಲಸಗಳಿಗೆ ಈ ಪದವಿ ಬೇಕು.

ಈ ಮೆಟ್ಟಿಲುಗಳ ನಡುವೆ ಗೋಡೆ ಇಲ್ಲ ಎಂಬುದು ಬಹಳಷ್ಟು ತಾಯಂದಿರಿಗೆ ಗೊತ್ತಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವರು ನೇರವಾಗಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದು ಬಿ.ಇ.ಯ ಎರಡನೇ ವರ್ಷಕ್ಕೆ ಹೋಗಬಹುದು. ಎಸೆಸೆಲ್ಸಿಯಿಂದ ಪಿಯುಸಿ ಮೂಲಕ ಬಿ.ಇ. ಮುಗಿಸಲು ಆರು ವರ್ಷ ಬೇಕು. ಡಿಪ್ಲೊಮಾ ಮೂಲಕ ಹೋದರೂ ಮೂರು ಮತ್ತು ಮೂರು ಸೇರಿ ಆರೇ ವರ್ಷ! ಒಂದು ವರ್ಷವೂ ನಷ್ಟವಿಲ್ಲ. ವ್ಯತ್ಯಾಸವೇನೆಂದರೆ, ಪಿಯುಸಿ ನಂತರ ಮನೆಯ ಪರಿಸ್ಥಿತಿ ಕೆಟ್ಟು ಓದು ನಿಂತರೆ ಮಗುವಿನ ಕೈಯಲ್ಲಿ ಪಿಯುಸಿ ಅಂಕಪಟ್ಟಿ ಮಾತ್ರ ಉಳಿಯುತ್ತದೆ. ಡಿಪ್ಲೊಮಾ ನಂತರ ನಿಂತರೆ ಕೈಯಲ್ಲಿ ಉದ್ಯೋಗಕ್ಕೆ ಬೇಕಾದ ಒಂದು ಅರ್ಹತೆ ಇರುತ್ತದೆ.

"ಡಿಪ್ಲೊಮಾ ಎಂದರೆ ದಡ್ಡರ ಓದು" ಎಂಬ ಮಾತನ್ನು ದಯವಿಟ್ಟು ಮನೆಯಿಂದ ಹೊರಹಾಕಿ. ಸಾಧಾರಣ ಆದಾಯದ ಕುಟುಂಬಕ್ಕೆ ಅದಕ್ಕಿಂತ ಭದ್ರವಾದ ಮೆಟ್ಟಿಲು ಬೇರೊಂದಿಲ್ಲ.

ಓದಿದ ಮೇಲೆ ಎಲ್ಲಿ ಕೆಲಸ?

ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಿಂದ ನಡೆಯುತ್ತಿರುವ ಬಿಇಎಲ್ ಕೇಂದ್ರ ಸರಕಾರದ ಸಂಸ್ಥೆ. ಅಲ್ಲಿ ಡಿಪ್ಲೊಮಾದವರಿಗೆ "ಇಂಜಿನಿಯರಿಂಗ್ ಅಸಿಸ್ಟೆಂಟ್ ಟ್ರೈನಿ", ಐಟಿಐಯವರಿಗೆ "ಟೆಕ್ನಿಷಿಯನ್" ಎಂಬ ಹುದ್ದೆಗಳಿವೆ. ಇಸ್ರೋ ಎಂದರೆ ದೊಡ್ಡ ವಿಜ್ಞಾನಿಗಳೇ ಎಂದು ನಾವು ಭಾವಿಸುತ್ತೇವೆ. ಆದರೆ ಅಲ್ಲಿಯೂ ಐಟಿಐಯವರಿಗೆ "ಟೆಕ್ನಿಷಿಯನ್-ಬಿ", ಪ್ರಥಮ ದರ್ಜೆಯ ಡಿಪ್ಲೊಮಾದವರಿಗೆ "ಟೆಕ್ನಿಕಲ್ ಅಸಿಸ್ಟೆಂಟ್" ಹುದ್ದೆಗಳಿವೆ. ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ನಮ್ಮ ತುಮಕೂರು ರಸ್ತೆಯ ಬದಿಯ ಪೀಣ್ಯದ ಶೆಡ್‌ಗಳಲ್ಲಿ. 1975ರ ಎಪ್ರಿಲ್ 19ರಂದು ಅದು ಬಾಹ್ಯಾಕಾಶಕ್ಕೆ ಹೋಯಿತು. ಉಪಗ್ರಹದ ಕೆಲಸ ವಿಜ್ಞಾನಿಗಳಿಂದಲೇ ಮುಗಿಯುವುದಿಲ್ಲ. ತಂತಿ ಜೋಡಿಸುವವರು, ಬೆಸುಗೆ ಹಾಕುವವರು, ಪ್ರತಿಯೊಂದು ಹಲಗೆಯನ್ನೂ ಪರೀಕ್ಷಿಸುವವರು ಬೇಕು.

ನಮ್ಮ ಜಿಲ್ಲೆಯಲ್ಲೇ ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಹೆಲಿಕಾಪ್ಟರ್ ಎಂದರೆ ಬರೀ ರೆಕ್ಕೆ ಮತ್ತು ಎಂಜಿನ್ ಅಲ್ಲ. ಅದರ ದಿಕ್ಕು, ಎತ್ತರ, ಸಂಪರ್ಕ ಎಲ್ಲವೂ ಎಲೆಕ್ಟ್ರಾನಿಕ್ಸ್. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ 2014ರಿಂದ ಫುಡ್ ಪಾರ್ಕ್ ಇದೆ. ಆಹಾರದ ಕಾರ್ಖಾನೆಗೆ ಎಲೆಕ್ಟ್ರಾನಿಕ್ಸ್ ಓದಿದವರು ಏಕೆಂದು ಕೇಳಬಹುದು. ಪೊಟ್ಟಣದ ತೂಕ ಅಳೆಯುವುದು, ಬಿಸಿ ಎಷ್ಟಿದೆಯೆಂದು ನೋಡುವುದು, ಸಾಲು ನಿಂತರೆ ಎಚ್ಚರಿಸುವುದು ಎಲ್ಲವನ್ನೂ ಸೆನ್ಸರ್ ಮತ್ತು ಪಿಎಲ್‌ಸಿ ಎಂಬ ನಿಯಂತ್ರಕ ಮಾಡುತ್ತವೆ. ಅವು ಕೆಟ್ಟರೆ ಕಾರ್ಖಾನೆಯೇ ನಿಲ್ಲುತ್ತದೆ.

ಇನ್ನು ಆಸ್ಪತ್ರೆಗಳು. ಇಸಿಜಿ, ವೆಂಟಿಲೇಟರ್, ಡಯಾಲಿಸಿಸ್ ಯಂತ್ರ, ನವಜಾತ ಶಿಶುವನ್ನು ಬೆಚ್ಚಗಿಡುವ ವಾರ್ಮರ್ ಇವೆಲ್ಲಕ್ಕೂ ನಿರ್ವಹಣೆ ಬೇಕು. ಕೋವಿಡ್ ಕಾಲದಲ್ಲಿ ಯಂತ್ರವಿದ್ದೂ ನಡೆಸುವವರಿಲ್ಲದ ಕಷ್ಟವನ್ನು ದೇಶ ಕಂಡಿದೆ. ರೈಲ್ವೆ, ಮೆಟ್ರೋ, ದೂರಸಂಪರ್ಕ, ಸಿಸಿಟಿವಿ ಅಳವಡಿಕೆ, ಐಟಿಐಯಲ್ಲಿ ಬೋಧನೆ, ಸ್ವಂತ ಅಂಗಡಿ ಹೀಗೆ ಪಟ್ಟಿ ಉದ್ದವಿದೆ. ಬಿ.ಇ. ಮುಗಿಸಿದವರಿಗೆ ಚಿಪ್ ವಿನ್ಯಾಸದ ಕ್ಷೇತ್ರವಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂದಂದಿನಿಂದ ಆ ನಗರ ಈ ಕೆಲಸದ ದೊಡ್ಡ ಕೇಂದ್ರವಾಗಿ ಬೆಳೆದಿದೆ.

ಒಂದು ಮಾತು ಸ್ಪಷ್ಟವಾಗಿರಲಿ. ಡಿಪ್ಲೊಮಾ ಮುಗಿಸಿದ ಮೊದಲ ವರ್ಷವೇ ದೊಡ್ಡ ಸಂಬಳ ಬರುವುದಿಲ್ಲ. ಹೆಚ್ಚಿನವರು ಒಂದು ವರ್ಷ ಅಪ್ರೆಂಟಿಸ್ ಆಗಿ ಸಣ್ಣ ಭತ್ಯೆಗೆ ದುಡಿಯಬೇಕಾಗುತ್ತದೆ. ಸರಕಾರಿ ಸಂಸ್ಥೆಗಳ ಹುದ್ದೆಗಳು ಕಡಿಮೆ, ಅರ್ಜಿ ಹಾಕುವವರು ಬಹಳ. ಅಲ್ಲಿ ಸಾಮಾನ್ಯವಾಗಿ ಪ್ರಥಮ ದರ್ಜೆ ಕೇಳುತ್ತಾರೆ. ಆದ್ದರಿಂದ "ಪಾಸಾದರೆ ಸಾಕು" ಎಂಬ ಮಾತನ್ನು ಈ ಓದಿನಲ್ಲಿ ಹೇಳುವಂತಿಲ್ಲ.

ವಸ್ತುವನ್ನಲ್ಲ, ತತ್ವವನ್ನು ಕಲಿಸಿ

ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಯಾರಿಗೆ ಗೊತ್ತಿಲ್ಲ? 1978ರಲ್ಲಿ ಆರಂಭವಾದ ಅದು ಎಷ್ಟೋ ಮನೆಗಳ ಒಲೆ ಉರಿಸಿತು. ಕೀಲಿ ಕೊಡುವ ಕೈಗಡಿಯಾರದಲ್ಲಿ ಸ್ಪ್ರಿಂಗು ಮತ್ತು ಹಲ್ಲಿನ ಚಕ್ರಗಳಿದ್ದವು. ನಂತರ ಕ್ವಾರ್ಟ್ಜ್ ಗಡಿಯಾರ ಬಂತು. 1985ರಲ್ಲಿ ತುಮಕೂರಿನ ಕಾರ್ಖಾನೆಯೂ ಭಾಗಶಃ ಅದಕ್ಕೆ ಬದಲಾಯಿತು. ಅದರಲ್ಲಿ ಸ್ಪ್ರಿಂಗಿನ ಜಾಗದಲ್ಲಿ ಒಂದು ಹರಳಿನ ಚೂರು ಇದೆ. ಅದು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧ ಮಾಡುತ್ತಾ ಹೋಗಿ ನೋಡಿ, ಸರಿಯಾಗಿ ಒಂದು ಉಳಿಯುತ್ತದೆ. ಹೀಗೆ ಅರ್ಧ ಮಾಡುವ ಕೆಲಸವನ್ನು ಒಳಗಿನ ಪುಟ್ಟ ಚಿಪ್ ಮಾಡುತ್ತದೆ. ಸೆಕೆಂಡಿಗೆ ಒಂದು ಮಿಡಿತ ಸಿಗುತ್ತದೆ, ಮುಳ್ಳು ಒಂದು ಹೆಜ್ಜೆ ಇಡುತ್ತದೆ. ಮಕ್ಕಳಿಗೆ ಈ ಲೆಕ್ಕವನ್ನು ಮನೆಯಲ್ಲೇ ಮಾಡಿಸಿ. ಅವರ ಕಣ್ಣು ಅರಳಿದರೆ ಈ ಓದು ಅವರಿಗೆ ಹಿಡಿಸುತ್ತದೆ ಎಂದು ತಿಳಿಯಿರಿ.

ಆ ಕಾರ್ಖಾನೆಯನ್ನು 2016ರಲ್ಲಿ ಮುಚ್ಚುವ ತೀರ್ಮಾನವಾಯಿತು. ಅದರ ಜಾಗ ಈಗ ಇಸ್ರೋ ಪಾಲಾಗಿದೆ. ಒಂದೇ ವಸ್ತುವನ್ನು ಜೋಡಿಸಲು ಕಲಿತವರ ಕೆಲಸ ಆ ವಸ್ತುವಿನೊಂದಿಗೆ ಮುಗಿಯುವ ಅಪಾಯ ಸದಾ ಇರುತ್ತದೆ. ತತ್ವ ಕಲಿತವರು ಗಡಿಯಾರದಿಂದ ಮೀಟರಿಗೆ, ಮೀಟರಿನಿಂದ ಸೌರ ಇನ್ವರ್ಟರಿಗೆ ಹೋಗಬಲ್ಲರು.

ಮೊಬೈಲ್ ಅಂಗಡಿಯಲ್ಲಿ ಕುಳಿತಿರುವ ನಮ್ಮ ಹುಡುಗರಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಅವರ ಕೈಚಳಕಕ್ಕೆ ಕೊರತೆಯಿಲ್ಲ. ಎಷ್ಟೋ ಇಂಜಿನಿಯರುಗಳಿಗೆ ಬಾರದ ಬೆಸುಗೆ ಅವರಿಗೆ ಬರುತ್ತದೆ. ಆದರೆ ಕೈಯಲ್ಲಿ ಕಸುಬಿದೆ, ಕಾಗದವಿಲ್ಲ. ಅಂತಹ ಮಗನಿದ್ದರೆ ಕಸುಬು ಬಿಡಿಸಬೇಡಿ, ಓದು ಸೇರಿಸಿ. ಎಸೆಸೆಲ್ಸಿ ಅರ್ಧಕ್ಕೆ ಬಿಟ್ಟಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಬರೆಯಲಿ, ನಂತರ ಐಟಿಐ ಸೇರಲಿ. 2022ರಲ್ಲಿ ರಾಜ್ಯದ 150 ಸರಕಾರಿ ಐಟಿಐಗಳನ್ನು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿಸಲಾಗಿದೆ. ಹಳೆಯ ಐಟಿಐ ಎಂಬ ತಾತ್ಸಾರ ಈಗ ಸಲ್ಲದು.

ಹೆಣ್ಣುಮಕ್ಕಳಿಗೆ ಇದು ಹೊಂದುತ್ತದೆಯೇ?

"ಆಪಾ, ಹುಡುಗಿಗೆ ಯಂತ್ರದ ಕೆಲಸ ಯಾಕೆ? ಬಿ.ಕಾಂ. ಮಾಡಿಸಿದರೆ ಸಾಲದೇ?" ಎಂಬುದು ನಮ್ಮ ಅಮ್ಮಂದಿರ ಸಾಮಾನ್ಯ ಪ್ರಶ್ನೆ. ಬಿ.ಕಾಂ. ಕೆಟ್ಟದ್ದಲ್ಲ. ಆದರೆ ಯಂತ್ರದ ಕೆಲಸ ಎಂದರೆ ಸುತ್ತಿಗೆ, ಎಣ್ಣೆ, ಮಸಿ ಎಂದುಕೊಂಡಿದ್ದರೆ ಅದು ತಪ್ಪು ತಿಳಿವಳಿಕೆ. ಎಲೆಕ್ಟ್ರಾನಿಕ್ಸ್‌ನ ಬಹುಪಾಲು ಕೆಲಸ ಮೇಜಿನ ಮುಂದೆ ಕುಳಿತು, ಶುಚಿಯಾದ ಕೊಠಡಿಯಲ್ಲಿ, ತಾಳ್ಮೆಯಿಂದ ಮಾಡುವಂಥದ್ದು.

ಈ ಕ್ಷೇತ್ರಕ್ಕೆ ಕರ್ನಾಟಕದಲ್ಲಿ ದಾರಿ ಹಾಕಿದವರಲ್ಲಿ ಒಬ್ಬರು ಮಹಿಳೆಯೇ. 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದವರು. ಸರಕಾರದ ವಿದ್ಯಾರ್ಥಿವೇತನ ಪಡೆದು 1940ರ ದಶಕದಲ್ಲಿಯೇ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ ಓದಿದರು. ಮರಳಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಮತ್ತು ಆಂಟೆನಾ ವಿಷಯಗಳನ್ನು ಕಲಿಸಿದರು, ಸಂಶೋಧಕರನ್ನು ಬೆಳೆಸಿದರು. 2010ರಲ್ಲಿ ನಿಧನರಾದರು.

ಇನ್ನೊಬ್ಬರು ನಿಗಾರ್ ಶಾಜಿ. ತಮಿಳುನಾಡಿನ ಸೆಂಗೋಟ್ಟೈ ಎಂಬ ಸಣ್ಣ ಊರಿನ ರೈತ ಕುಟುಂಬದ ಮುಸ್ಲಿಮ್ ಹೆಣ್ಣುಮಗಳು. ತಿರುನೆಲ್ವೇಲಿಯ ಸರಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ್ದು ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಶನ್. 1987ರಲ್ಲಿ ಇಸ್ರೋ ಸೇರಿದರು. ಸೂರ್ಯನನ್ನು ಅಧ್ಯಯನ ಮಾಡಲು 2023ರ ಸಪ್ಟಂಬರ್ 2ರಂದು ಹಾರಿದ ಆದಿತ್ಯ-ಎಲ್1 ಯೋಜನೆಯ ನಿರ್ದೇಶಕಿ ಅವರೇ. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಕುಳಿತು ಅವರು ಮುನ್ನಡೆಸಿದ ಆ ನೌಕೆ 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದ ತನ್ನ ನೆಲೆ ಸೇರಿತು.

ಎಲ್ಲ ಹೆಣ್ಣುಮಕ್ಕಳೂ ನಿಗಾರ್ ಶಾಜಿ ಆಗಬೇಕೆಂದಿಲ್ಲ. ಹತ್ತಿರದ ಉದಾಹರಣೆಯನ್ನೇ ನೋಡೋಣ. ದೊಡ್ಡಬಳ್ಳಾಪುರ ಮತ್ತು ದೇವನಹಳ್ಳಿ ನಡುವೆ ಫಾಕ್ಸ್‌ಕಾನ್ ಕಂಪನಿಯ ಐಫೋನ್ ಕಾರ್ಖಾನೆ 2025ರಲ್ಲಿ ಉತ್ಪಾದನೆ ಆರಂಭಿಸಿತು. ಅಲ್ಲಿನ ಕೆಲಸಗಾರರಲ್ಲಿ ಬಹುಪಾಲು ಯುವತಿಯರು. ಬೀಡಿ ಸುತ್ತಿ ಬೆನ್ನು ಬಗ್ಗಿಸಿಕೊಂಡ ತಾಯಿಗೆ, ಮಗಳು ಅಂತಹ ಕಾರ್ಖಾನೆಯಲ್ಲಿ ಪಿಎಫ್ ಸಹಿತ ಸಂಬಳ ಪಡೆಯುವುದು ದೊಡ್ಡ ಸಮಾಧಾನವೇ ಸರಿ.

ಆದರೆ ಅಲ್ಲಿಯೂ ಎರಡು ಕುರ್ಚಿಗಳಿವೆ. ಜೋಡಣೆಯ ಸಾಲಿನಲ್ಲಿ ಒಂದೇ ಸ್ಕ್ರೂ, ಒಂದೇ ಭಾಗವನ್ನು ದಿನವಿಡೀ ಕೂರಿಸುವ ಕುರ್ಚಿ ಒಂದು. ಆ ಸಾಲಿನ ಯಂತ್ರವನ್ನು ಸರಿಪಡಿಸುವ, ಗುಣಮಟ್ಟ ಪರೀಕ್ಷಿಸುವ, ದೋಷ ಎಲ್ಲಿಂದ ಬಂತೆಂದು ಹುಡುಕುವ ಕುರ್ಚಿ ಇನ್ನೊಂದು. ಮೊದಲನೆಯದಕ್ಕೆ ಕೆಲವು ವಾರಗಳ ತರಬೇತಿ ಸಾಕು. ಹಾಗಾಗಿ ಅಲ್ಲಿ ಕುಳಿತವಳ ಜಾಗಕ್ಕೆ ಇನ್ನೊಬ್ಬಳನ್ನು ತರುವುದೂ ಸುಲಭ. ಎರಡನೆಯದಕ್ಕೆ ಡಿಪ್ಲೊಮಾ ಬೇಕು. ಅಲ್ಲಿ ಅನುಭವ ಹೆಚ್ಚಿದಂತೆ ಬೆಲೆಯೂ ಹೆಚ್ಚುತ್ತದೆ. "ಹೆಣ್ಣುಮಕ್ಕಳ ಬೆರಳು ನಾಜೂಕು, ಈ ಕೆಲಸಕ್ಕೆ ಅವರೇ ಸರಿ" ಎಂದು ಹೊಗಳುವವರು ಅನೇಕ. ಆ ಹೊಗಳಿಕೆಯನ್ನು ಕೇಳಿ ಮರುಳಾಗಬೇಡಿ. ಬೆರಳನ್ನು ಹೊಗಳುವವರು ಅವಳ ಬುದ್ಧಿಯನ್ನು ಮರೆತಿರುತ್ತಾರೆ.

ಮದುವೆಯ ಪ್ರಶ್ನೆ ಬರುತ್ತದೆ, ಬರಬೇಕಾದದ್ದೇ. ಎಸೆಸೆಲ್ಸಿ ಮುಗಿಸಿದ ಹುಡುಗಿ ಡಿಪ್ಲೊಮಾ ಮುಗಿಸುವಾಗ ಅವಳಿಗೆ ಹತ್ತೊಂಬತ್ತು. ಓದಿನಿಂದ ಮದುವೆ ತಡವಾಯಿತು ಎನ್ನುವಂತಿಲ್ಲ. ಪ್ರಮಾಣಪತ್ರ ಕೈಯಲ್ಲಿದ್ದರೆ ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಐಟಿಐಯಲ್ಲಿ ಕಲಿಸಬಹುದು, ಸೇವಾ ಕೇಂದ್ರದಲ್ಲಿ ದುಡಿಯಬಹುದು. ಕಷ್ಟಕಾಲ ಯಾರ ಬಾಗಿಲಿಗೆ ಯಾವಾಗ ಬರುತ್ತದೆಂದು ಹೇಳಲಾಗದು. ಆಗ ಕೈಹಿಡಿಯುವುದು ಕಲಿತ ವಿದ್ಯೆಯೇ.

ದೂರ, ಖರ್ಚು, ಗಣಿತ

ಕೊರಟಗೆರೆಯಿಂದ ತುಮಕೂರಿಗೆ ಸುಮಾರು 25 ಕಿ.ಮೀ. ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವ ದೂರ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸ್ ಇದೆ. ನೆರೆಮನೆಯ ಇಬ್ಬರು ಮೂವರು ಹುಡುಗಿಯರು ಒಟ್ಟಿಗೆ ಸೇರಿದರೆ ಮನೆಯವರ ಅರ್ಧ ಆತಂಕ ಅಲ್ಲಿಗೇ ಕಡಿಮೆಯಾಗುತ್ತದೆ.

ಸರಕಾರಿ ಪಾಲಿಟೆಕ್ನಿಕ್‌ನ ಶುಲ್ಕ ವರ್ಷಕ್ಕೆ ಕೆಲವೇ ಸಾವಿರ ರೂಪಾಯಿ. ತಾಂತ್ರಿಕ ಓದಿಗೆ ಸೇರುವ ಹೆಣ್ಣುಮಕ್ಕಳಿಗಾಗಿ ಎಐಸಿಟಿಇಯ "ಪ್ರಗತಿ" ವಿದ್ಯಾರ್ಥಿವೇತನವಿದೆ. ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು. ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳವರೆಗೆ ಪಡೆಯಬಹುದು. ಡಿಪ್ಲೊಮಾಕ್ಕೂ ಬಿ.ಇ.ಗೂ ಇದು ಅನ್ವಯ. ಸಿಇಟಿ ಮೂಲಕ ಬಿ.ಇ.ಗೆ ಸೇರುವವರಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ "ಅರಿವು" ಸಾಲ ಯೋಜನೆ ಇದೆ. ತುಮಕೂರಿನ ಜಿಲ್ಲಾ ಕಚೇರಿಯಲ್ಲಿ ಆಯಾ ವರ್ಷದ ನಿಯಮಗಳನ್ನು ಕೇಳಿ ತಿಳಿಯಿರಿ.

ಗಣಿತದ ವಿಷಯದಲ್ಲಿ ಮಾತ್ರ ಮುಚ್ಚುಮರೆ ಬೇಡ. ಡಿಪ್ಲೊಮಾದ ಮೊದಲ ವರ್ಷ ಎಡವುವವರಲ್ಲಿ ಹೆಚ್ಚಿನವರು ಎಡವುವುದು ಗಣಿತದಲ್ಲಿ. ಮಗುವಿಗೆ ಗಣಿತ ಕಷ್ಟವಾಗಿದ್ದರೆ ರಜೆಯ ಎರಡು ತಿಂಗಳು ಭಿನ್ನರಾಶಿ, ಬೀಜಗಣಿತ, ತ್ರಿಕೋನಮಿತಿಯನ್ನು ಮತ್ತೆ ಮಾಡಿಸಿ. ಉರ್ದು ಅಥವಾ ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಪಠ್ಯ ಭಾರವೆನಿಸುತ್ತದೆ. ದಿನಕ್ಕೆ ಹತ್ತು ತಾಂತ್ರಿಕ ಪದ ಬರೆದು ಅರ್ಥ ತಿಳಿದರೆ ಆರು ತಿಂಗಳಲ್ಲಿ ಆ ಭಾರ ಇಳಿಯುತ್ತದೆ. ಗಣಿತವೆಂದರೆ ಕಣ್ಣೀರಿಡುವ ಮಗುವನ್ನು ಬಲವಂತದಿಂದ ಸೇರಿಸುವುದು ಬೇಡ.

ಮೋಸ ಹೋಗದಿರಿ

ಪಟ್ಟಣದ ಗೋಡೆಗಳ ಮೇಲೆ "ಆರು ತಿಂಗಳಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ನೂರಕ್ಕೆ ನೂರು ಉದ್ಯೋಗ" ಎಂಬ ಫಲಕಗಳನ್ನು ನೀವು ಕಂಡಿರಬಹುದು. ಕೈಕೆಲಸ ಕಲಿಯಲು ಅಂತಹ ಕೇಂದ್ರಗಳು ಉಪಯೋಗಕ್ಕೆ ಬರಬಹುದು. ಆದರೆ ಅದು ಡಿಪ್ಲೊಮಾ ಅಲ್ಲ. ಬಿಇಎಲ್, ಇಸ್ರೋ, ರೈಲ್ವೆ ಯಾವುದರಲ್ಲಿಯೂ ಆ ಕಾಗದ ನಡೆಯುವುದಿಲ್ಲ, ಅದರಿಂದ ಬಿ.ಇ.ಗೆ ಹೋಗಲೂ ಆಗದು. ಶುಲ್ಕ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ. ಡಿಪ್ಲೊಮಾ ಆದರೆ, "ಎಐಸಿಟಿಇ ಮಾನ್ಯತೆ ಇದೆಯೇ?" ಐಟಿಐ ಆದರೆ, "ಎನ್‌ಸಿವಿಟಿ ಅಥವಾ ಎಸ್‌ಸಿವಿಟಿ ಮಾನ್ಯತೆ ಇದೆಯೇ?" ಉತ್ತರವನ್ನು ಬಾಯಿಮಾತಿನಲ್ಲಿ ನಂಬಬೇಡಿ, ಕಾಗದದಲ್ಲಿ ನೋಡಿ. ಮೂಲ ಅಂಕಪಟ್ಟಿಯನ್ನು ಪರಿಶೀಲನೆಗೆ ತೋರಿಸಬೇಕೇ ಹೊರತು ಯಾರ ಕೈಯಲ್ಲೂ ಒತ್ತೆ ಇಡಬಾರದು.

ದಾಖಲೆಗಳ ಬಗ್ಗೆಯೂ ಎಚ್ಚರವಿರಲಿ. ನಮ್ಮ ಮಕ್ಕಳ ಹೆಸರುಗಳು ಒಂದೊಂದು ಕಾಗದದಲ್ಲಿ ಒಂದೊಂದು ತರ. ಅಂಕಪಟ್ಟಿಯಲ್ಲಿ "ಆಯಿಷಾ ಬಾನು", ಆಧಾರ್‌ನಲ್ಲಿ "ಆಯೇಷ ಭಾನು", ಬ್ಯಾಂಕಿನಲ್ಲಿ ಬರೀ "ಆಯಿಷಾ". ಇಷ್ಟಕ್ಕೇ ವಿದ್ಯಾರ್ಥಿವೇತನ ತಡೆಹಿಡಿಯಲ್ಪಡುತ್ತದೆ. ಮಗು ಒಂಬತ್ತನೇ ತರಗತಿಯಲ್ಲಿರುವಾಗಲೇ ಎಲ್ಲವನ್ನೂ ಒಂದೇ ರೀತಿ ಮಾಡಿಸಿ. ನಾಡಕಚೇರಿಯಿಂದ 2ಬಿ ಪ್ರಮಾಣಪತ್ರ ಮತ್ತು ಆದಾಯ ಪ್ರಮಾಣಪತ್ರ ಪಡೆಯಿರಿ. ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದಕ್ಕೂ ಮೀಸಲಾತಿ ಇದೆ. ಶಾಲೆಯಿಂದ ಆ ಪತ್ರ ಪಡೆದು ಬಿಇಒ ಮೇಲುಸಹಿ ಮಾಡಿಸಿ ಇಟ್ಟುಕೊಳ್ಳಿ.

ಸಹೋದರಿಯರೇ, ಫಲಿತಾಂಶ ಬರುವ ಮೊದಲೇ ಒಂದು ದಿನ ಬಿಡುವು ಮಾಡಿಕೊಳ್ಳಿ. ಮಗಳನ್ನೋ ಮಗನನ್ನೋ ಕರೆದುಕೊಂಡು ತುಮಕೂರಿನ ಯಾವುದಾದರೂ ಪಾಲಿಟೆಕ್ನಿಕ್‌ಗೆ ಹೋಗಿ. ಎಲೆಕ್ಟ್ರಾನಿಕ್ಸ್ ವಿಭಾಗದ ಪ್ರಯೋಗಾಲಯ ತೋರಿಸಿ ಎಂದು ಕೇಳಿ. ಅಲ್ಲಿ ಓದುತ್ತಿರುವ ಹುಡುಗಿಯರೊಂದಿಗೆ ಎರಡು ಮಾತಾಡಿ. ಪ್ರವೇಶದ ಪ್ರಕಟಣೆ ಯಾವಾಗ, ಯಾವ ಕಾಗದ ಬೇಕು ಎಂಬುದನ್ನು ಬರೆದುಕೊಂಡು ಬನ್ನಿ. ತೀರ್ಮಾನ ನಿಮ್ಮದೇ. ಆದರೆ ಆ ಹದಿನೈದು ದಿನಗಳ ಮಾತುಕತೆಯಲ್ಲಿ ಈ ದಾರಿಯ ಹೆಸರೂ ಒಮ್ಮೆ ಬರಲಿ. ಪಾವಗಡದ ಮುಂದಿನ ಪೀಳಿಗೆಯಲ್ಲಿ, ಕೊರಟಗೆರೆಯ ಮುಂದಿನ ಪೀಳಿಗೆಯಲ್ಲಿ ಮೀಟರ್ ಹಿಡಿಯುವ ಕೈ ನಮ್ಮ ಮಕ್ಕಳದೂ ಆಗಲಿ, ಇನ್ಶಾ ಅಲ್ಲಾಹ್.